ಸೀಸದಿಂದ ಉಕ್ಕಿನ ತೋಟೆಗೆ: ಕ್ಲೇ ಶೂಟಿಂಗ್‌ನಲ್ಲಿ ಏನೇನು ಬದಲಿಸಬೇಕು

ಸೀಸದ ಬದಲು ಉಕ್ಕಿನ ಕಾಳು ತುಂಬಿದ ತೋಟೆ ಹಾಕಿದ ಮೊದಲ ದಿನ ಕ್ಲೇ (ಗುರಿಯಾಗಿ ಗಾಳಿಗೆ ಎಸೆಯುವ ಬಿಲ್ಲೆ) ಒಡೆಯದಿದ್ದರೆ ಎಲ್ಲರೂ ದೂರುವುದು ಉಕ್ಕನ್ನೇ. ಅಸಲಿ ತಪ್ಪು ಬಹುಪಾಲು ಕಾಳಿನ ಅಳತೆಯನ್ನೂ ಚೋಕನ್ನೂ (ನಳಿಗೆಯ ತುದಿಯಲ್ಲಿ ಕಿರಿದಾಗಿಸಿದ ಭಾಗ) ಸೀಸಕ್ಕಿದ್ದಂತೆಯೇ ಬಿಟ್ಟಿರುವುದರಲ್ಲಿ ಇರುತ್ತದೆ.

ಮೊದಲು ಕೋವಿಯನ್ನು ನೋಡಿ. ಡಮಾಸ್ಕಸ್ ನಳಿಗೆ (ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ಕಾಲದ್ದು), ಸವೆದು ತೆಳುವಾದ ಹಳೆಯ ನಳಿಗೆಗಳಿಗೆ ಉಕ್ಕು ಬೇಡವೇ ಬೇಡ. ಕೋವಿ, ತೋಟೆಗಳ ಸುರಕ್ಷತಾ ಪರೀಕ್ಷೆಗೆ ನಿಯಮ ಮಾಡುವ ಯುರೋಪಿನ ಸಂಸ್ಥೆ ಸಿಐಪಿಯ ನಿಯಮದಂತೆ ಉಕ್ಕಿನ ತೋಟೆಗಳಲ್ಲಿ ಎರಡು ಬಗೆ: ಸ್ಟ್ಯಾಂಡರ್ಡ್ ಮತ್ತು ಹೆಚ್ಚು ಒತ್ತಡದ ಹೈ ಪರ್ಫಾರ್ಮೆನ್ಸ್. ಎರಡನೆಯದನ್ನು ನಳಿಗೆಯ ಮೇಲೆ ಲಿಲ್ಲಿ ಹೂವಿನ ಮುದ್ರೆ ಇರುವ ಕೋವಿಯಲ್ಲಿ ಮಾತ್ರ ಹಾರಿಸಬೇಕು. ಕ್ಲೇಗೆ ಸ್ಟ್ಯಾಂಡರ್ಡ್ ಸಾಕು. ತೋಟೆಯ ಉದ್ದ ಚೇಂಬರಿನ (ಕೋವಿಯಲ್ಲಿ ತೋಟೆ ಕೂರುವ ಜಾಗ) ಉದ್ದಕ್ಕಿಂತ ಹೆಚ್ಚಿರಬಾರದು, 65 ಮಿ.ಮೀ. ಚೇಂಬರಿಗೆ 70ರ ತೋಟೆ ಹಾಕಬೇಡಿ.

ಇನ್ನು ಕಾಳು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಉಕ್ಕಿನದು 7.8. ಅಳತೆ ಒಂದೇ ಇದ್ದರೆ ಉಕ್ಕಿನ ಕಾಳು ಹೆಚ್ಚೂಕಡಿಮೆ ಮೂರರಲ್ಲೊಂದು ಪಾಲು ಹಗುರ, ಆದ್ದರಿಂದ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಇದನ್ನು ತುಂಬಿಕೊಳ್ಳಲು ದಪ್ಪ ಕಾಳು ಬೇಕು. ಸೀಸದಲ್ಲಿ ಏಳೂವರೆ ನಂಬರ್ (2.4 ಮಿ.ಮೀ.) ಹಾರಿಸುತ್ತಿದ್ದವರು 30 ಮೀಟರ್‌ವರೆಗೆ ಉಕ್ಕಿನ 7 (2.5 ಮಿ.ಮೀ.), ಅದಕ್ಕಿಂತ ದೂರಕ್ಕೆ 6 (2.8 ಮಿ.ಮೀ.) ಬಳಸಿ. ಇವು ಅಮೆರಿಕದ ನಂಬರುಗಳು. ಬ್ರಿಟಿಷ್ 7 ಅಂದರೆ 2.4 ಮಿ.ಮೀ. ಹಾಗಾಗಿ ನಂಬರನ್ನು ನಂಬದೆ ಡಬ್ಬದ ಮೇಲಿನ ಮಿಲಿಮೀಟರ್ ಓದಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಸ್ಪರ್ಧೆಗಳಲ್ಲಿ ಮಿತಿ ತೋಟೆಯೊಳಗಿನ ಒಟ್ಟು ಕಾಳಿಗೆ 24 ಗ್ರಾಂ ಮತ್ತು ಒಂದೊಂದು ಕಾಳಿಗೆ 2.6 ಮಿ.ಮೀ. ಆದ್ದರಿಂದ 6 ನಂಬರ್ ಅಲ್ಲಿ ನಡೆಯುವುದಿಲ್ಲ.

ತೋಟೆಯಲ್ಲಿ ಕಾಳಿನ ಒಟ್ಟು ತೂಕ ಕಡಿಮೆಯಾಯಿತೆಂದು ಹೆದರಬೇಕಿಲ್ಲ. 28 ಗ್ರಾಂ ಸೀಸದ ಏಳೂವರೆಯಲ್ಲಿ ಸುಮಾರು 345 ಕಾಳುಗಳಿದ್ದರೆ, 24 ಗ್ರಾಂ ಉಕ್ಕಿನ 7ರಲ್ಲಿ ಸುಮಾರು 355 ಇರುತ್ತವೆ.

ಹೆಚ್ಚಿನವರು ಎಡವುವುದು ಚೋಕಿನಲ್ಲಿ. ಸೀಸ ಮೆದು, ಹಾರುವಾಗ ಹಲವು ಕಾಳುಗಳು ಚಪ್ಪಟೆಯಾಗಿ ಅಡ್ಡಾದಿಡ್ಡಿ ಹೋಗುತ್ತವೆ. ಉಕ್ಕು ದುಂಡಗೇ ಉಳಿದು ನೇರ ಹೋಗುವುದರಿಂದ ಹರವು ಕಿರಿದಾಗುತ್ತದೆ. ಅದಕ್ಕೇ ಒಂದು ಹಂತ ಸಡಿಲ ಮಾಡಿ: ಅರ್ಧ ಚೋಕ್ ಇದ್ದಲ್ಲಿ ಕಾಲು, ಕಾಲು ಇದ್ದಲ್ಲಿ ಸಿಲಿಂಡರ್ (ತುದಿ ಕಿರಿದಾಗದ ನಳಿಗೆ). ಅರ್ಧಕ್ಕಿಂತ ಬಿಗಿ ಚೋಕಿನಿಂದ ಲಾಭವಿಲ್ಲ. ಚೋಕಿನ ಬಳಿ ನಳಿಗೆ ಉಂಗುರದಂತೆ ಉಬ್ಬುವ ಅಪಾಯವೂ ಉಂಟು. ತಿರುಗಿಸಿ ತೆಗೆಯುವ ಚೋಕಾದರೆ ಉಕ್ಕಿಗೆ ಆಗುತ್ತದೆ ಎಂಬ ಗುರುತು ಅದರ ಮೇಲಿರಬೇಕು. ದಿನದ ಕೊನೆಗೆ ಬಿಚ್ಚಿ, ಒರೆಸಿ, ಗ್ರೀಸ್ ಸವರಿ ಹಾಕಿ. ಇಲ್ಲವಾದರೆ ಕಚ್ಚಿಕೊಂಡು ಕೂರುತ್ತದೆ.

ಊಹೆಯ ಬದಲು ಕಾಗದದ ಮೇಲೆ ನೋಡಿಬಿಡಿ. 1.2 ಮೀಟರ್ ಚೌಕದ ಕಾಗದವನ್ನು ನೀವು ಸಾಮಾನ್ಯವಾಗಿ ಕ್ಲೇ ಒಡೆಯುವ ದೂರದಲ್ಲಿ ನಿಲ್ಲಿಸಿ, ಪ್ರತಿ ಚೋಕಿಗೂ ಹೊಸ ಹೊಸ ಹಾಳೆಗೆ ಐದು ಬಾರಿ ಹಾರಿಸಿ. ದಟ್ಟ ಭಾಗದ ಸುತ್ತ 75 ಸೆಂ.ಮೀ. ವೃತ್ತ ಎಳೆಯಿರಿ. ಕ್ಲೇಯಷ್ಟೇ ಅಗಲದ, ಅಂದರೆ 110 ಮಿ.ಮೀ. ರಟ್ಟಿನ ಬಿಲ್ಲೆಯನ್ನು ವೃತ್ತದೊಳಗೆ ಸರಿಸುತ್ತಾ ಹೋಗಿ. ಒಂದೂ ತೂತು ಮುಚ್ಚದೆ ಬಿಲ್ಲೆ ಕೂರುವ ಜಾಗ ಪದೇ ಪದೇ ಸಿಕ್ಕರೆ ಚೋಕ್ ಬಿಗಿ ಮಾಡಿ. ನಡುವೆ ಮಾತ್ರ ತುಂಬಿ ಅಂಚು ಬರಿದಾಗಿದ್ದರೆ ಸಡಿಲಿಸಿ. ಈ ಪರೀಕ್ಷೆಗೆ ಕಬ್ಬಿಣದ ಹಲಗೆ ಬೇಡ, ಉಕ್ಕಿನ ಕಾಳು ಅದಕ್ಕೆ ಬಡಿದು ವಾಪಸ್ ಬರುತ್ತದೆ. ಬಂಡೆಗೆ ತಾಗಿದರೂ ಅಷ್ಟೇ. ಕನ್ನಡಕ ಶೂಟರಿಗಷ್ಟೇ ಅಲ್ಲ, ಟ್ರ್ಯಾಪ್ (ಕ್ಲೇ ಎಸೆಯುವ ಯಂತ್ರ) ನಡೆಸುವವರಿಗೂ ನೋಡಲು ನಿಂತವರಿಗೂ ಬೇಕು.

ಹಾರುವ ಕ್ಲೇಗಿಂತ ಮುಂದೆ ಗುರಿಯಿಡುವಾಗ ಬಿಡುವ ಅಂತರವನ್ನು ಬದಲಿಸಬೇಡಿ. ಉಕ್ಕಿನ ತೋಟೆ ಸಾಮಾನ್ಯವಾಗಿ ಹೆಚ್ಚು ವೇಗದಿಂದ ಹೊರಡುವುದರಿಂದ 35 ಮೀಟರ್ ಒಳಗೆ ವ್ಯತ್ಯಾಸ ಅತ್ಯಲ್ಪ. ದೂರದಲ್ಲಿ ಕ್ಲೇಗೆ ತೂತು ಬಿದ್ದರೂ ಅದು ಒಡೆಯದೆ ಹಾರಿಹೋದರೆ, ಕಾಳು ಸಣ್ಣದಾಯಿತೆಂದು ತಿಳಿಯಿರಿ.

ಮನೆಯಲ್ಲೇ ತೋಟೆ ತುಂಬುವವರಿಗೆ: ಸೀಸದ ಲೆಕ್ಕದಲ್ಲಿ ಕಾಳು ಮಾತ್ರ ಬದಲಿಸಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಉಕ್ಕಿಗೆ ಬೇರೆ ಮದ್ದು, ಬೇರೆ ಅಳತೆ, ಕಾಳು ನಳಿಗೆಗೆ ತಾಗದಂತೆ ಪೂರ್ತಿ ಸುತ್ತುವರಿಯುವ ದಪ್ಪ ವ್ಯಾಡ್ (ಮದ್ದು ಮತ್ತು ಕಾಳಿನ ನಡುವಿನ ಬಟ್ಟಲು), ಎಲ್ಲವೂ ಬೇಕು. ಫೆಲ್ಟ್ ವ್ಯಾಡ್ ನಡೆಯದು.

ನೆನೆದ ತೋಟೆಯನ್ನು ಒಣಗಿಸಿ ಹಾರಿಸಲೂಬೇಡಿ. ಒಳಗೆ ತುಕ್ಕು ಹಿಡಿದರೆ ಕಾಳುಗಳು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿ ಹೊರಡಬಹುದು.