ಖುಲಾಸೆಯಾದ ಮೇಲೂ ಸ್ಟೇಷನ್ ಕಂಪ್ಯೂಟರಿನಲ್ಲಿ ನಾನು ಆರೋಪಿ

ಸೈಟಿನ ಕಾಂಪೌಂಡ್ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಆದ ಗಲಾಟೆ ಅದು. 2023ರಲ್ಲಿ ನನ್ನ ಮೇಲೆ ಐಪಿಸಿ 323, 324, 504, 506 (ಹೊಡೆತ, ಆಯುಧದಿಂದ ಗಾಯ, ಬೈಗುಳ, ಬೆದರಿಕೆ) ಹಾಕಿದರು. ಹತ್ತೂ ಬೆರಳಿನ ಅಚ್ಚು, ಫೋಟೋ ತೆಗೆದುಕೊಂಡರು. ಚಾರ್ಜ್‌ಶೀಟ್ ಆಯ್ತು, ಎರಡು ವರ್ಷ ಕೋರ್ಟಿಗೆ ಅಲೆದೆ, ಕೊನೆಗೆ ಸಾಕ್ಷಿಗಳು ಉಲ್ಟಾ ಹೊಡೆದು ಖುಲಾಸೆಯಾಯ್ತು. ಅಲ್ಲಿಗೆ ಮುಗೀತು ಅಂದುಕೊಂಡೆ.

ಆಮೇಲೆ ಹೊರದೇಶದ ಕೆಲಸಕ್ಕೆ ಪೊಲೀಸ್ ಸರ್ಟಿಫಿಕೇಟ್ ಬೇಕಾಯ್ತು. ಅರ್ಜಿ ಸ್ಟೇಷನ್ನಿಗೆ ಬಂದು ಅಲ್ಲೇ ಕೂತಿತು. ಹೋಗಿ ಕೇಳಿದರೆ ರೈಟರ್ ಮಾನಿಟರನ್ನೇ ನನ್ನ ಕಡೆ ತಿರುಗಿಸಿದರು. ಕ್ರೈಂ ನಂಬರ್, ನನ್ನ ಹೆಸರು, ಅಪ್ಪನ ಹೆಸರು, ಮುಂದೆ ‘ವಿಚಾರಣೆ ಬಾಕಿ’. ತೀರ್ಪು ಬಂದು ಆಗಲೇ ಐದು ತಿಂಗಳು! “ಕೋರ್ಟಿಂದ ನಮಗೆ ಕಾಪಿ ಬಂದಿಲ್ಲ ಕಣ್ರೀ” ಅಂದರು.

ಹೊರಗೆ ಟೀ ಅಂಗಡಿ ಹತ್ತಿರ ಒಬ್ಬ, ದುಡ್ಡು ಕೊಟ್ಟರೆ ಎಫ್‌ಐಆರ್ ಡಿಲೀಟ್ ಮಾಡಿಸ್ತೀನಿ ಅಂದ. ಇಂಥವರಿಗೆ ಒಂದು ರೂಪಾಯಿನೂ ಕೊಡಬೇಡಿ. ಖುಲಾಸೆಯಾಯ್ತು ಅಂತ ಎಫ್‌ಐಆರನ್ನೇ ಅಳಿಸಿಹಾಕುವ ಕಾನೂನು ನಮ್ಮಲ್ಲಿಲ್ಲ. ಕೇಸಿನ ಮುಂದೆ ‘ಖುಲಾಸೆ’ ಅಂತ ಏರಿಸಬಹುದು, ಬೆರಳಚ್ಚು ಫೋಟೋ ನಾಶ ಮಾಡಿಸಬಹುದು. ನಾನು ಕೈಹಾಕಿದ್ದು ಇವೆರಡಕ್ಕೇ.

ಮೊದಲನೆಯದು ಸುಲಭ, ಓಡಾಟ ಮಾತ್ರ ಜಾಸ್ತಿ. ಕೋರ್ಟಿನಲ್ಲಿ ತೀರ್ಪಿನ ಸರ್ಟಿಫೈಡ್ ಕಾಪಿ ಮೂರು ತೆಗೆಸಿದೆ, ಜೆರಾಕ್ಸ್ ತೋರಿಸಿದರೆ ಯಾರೂ ಮುಟ್ಟುವುದಿಲ್ಲ. ಕ್ರೈಂ ನಂಬರ್, ಸಿಸಿ ನಂಬರ್ (ಕೋರ್ಟಿನ ಕೇಸ್ ನಂಬರ್), ತೀರ್ಪಿನ ತಾರೀಖು ಬರೆದು ಸಬ್ ಇನ್‌ಸ್ಪೆಕ್ಟರಿಗೆ ಒಂದು ಅರ್ಜಿ, ಎಸ್‌ಪಿ ಕಚೇರಿಗೆ ಇನ್ನೊಂದು. ಎರಡಕ್ಕೂ ನನ್ನ ಪ್ರತಿಯ ಮೇಲೆ ಸೀಲು, ಇನ್ವರ್ಡ್ ನಂಬರ್ ಹಾಕಿಸಿಕೊಂಡೆ. ಸ್ಟೇಷನ್ನಿನಲ್ಲಿ “ಇಟ್ಟು ಹೋಗಿ, ನೋಡ್ತೀವಿ” ಅಂದರು. ಸೀಲು ಬೀಳುವವರೆಗೂ ನಾನು ಬೆಂಚಿನಿಂದ ಎದ್ದಿಲ್ಲ.

ಬೆರಳಚ್ಚಿನದು ಬೇರೆ ಕಥೆ. 2022ರ ಕ್ರಿಮಿನಲ್ ಪ್ರೊಸೀಜರ್ ಐಡೆಂಟಿಫಿಕೇಶನ್ ಕಾಯ್ದೆ ಪ್ರಕಾರ ಈ ದಾಖಲೆ ದೆಹಲಿಯ ಎನ್‌ಸಿಆರ್‌ಬಿಯಲ್ಲಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ, 75 ವರ್ಷ ಇರುತ್ತದೆ. ಅಂದರೆ ನಾನು ಸತ್ತ ಮೇಲೂ ಇರುತ್ತದೆ, ಅಲ್ವಾ? ಆದರೆ ಅದೇ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಹಿಂದೆ ಶಿಕ್ಷೆಯಾಗಿರದವರು ಖುಲಾಸೆಯಾಗಿ, ಅಪೀಲಿನ ದಾರಿಗಳೆಲ್ಲ ಮುಗಿದಿದ್ದರೆ, ಕೋರ್ಟು ಕಾರಣ ಬರೆದು ಬೇಡ ಅನ್ನದ ಹೊರತು ನಾಶ ಮಾಡಲೇಬೇಕು. ನನ್ನ ಕೇಸಿನಲ್ಲಿ ಸರ್ಕಾರದ ಅಪೀಲಿಗಿದ್ದ 90 ದಿನ ಮುಗಿದು, ಯಾರೂ ಹಾಕಿರಲಿಲ್ಲ. ಅದನ್ನೇ ಬರೆದು ರಾಜ್ಯದ ನೋಡಲ್ ಅಧಿಕಾರಿಗೆ (ಇಂಥ ಅರ್ಜಿ ನೋಡಲು ನೇಮಿಸಿದ ಅಧಿಕಾರಿ) ಎಸ್‌ಪಿ ಕಚೇರಿ ಮೂಲಕ ಅರ್ಜಿ ಕೊಟ್ಟೆ. ನಮ್ಮ ವಕೀಲರು “ಯಾಕೆ ಸುಮ್ನೆ ಕೆದಕ್ತೀರಾ” ಅಂದಿದ್ದರು. ನನ್ನ ಬೆರಳು ಸ್ವಾಮಿ, ನಾನೇ ಕೆದಕಬೇಕು.

ಕಂಪ್ಯೂಟರಿನಲ್ಲಿ ‘ಖುಲಾಸೆ’ ಅಂತ ಬರಲು ಆರು ವಾರ ಹಿಡಿಯಿತು, ಅದರ ಹಿಂದೆಯೇ ಸರ್ಟಿಫಿಕೇಟೂ ಬಂತು. ಬೆರಳಚ್ಚಿನ ಅರ್ಜಿಗೆ ಇನ್ನೂ ಉತ್ತರವಿಲ್ಲ. ಹೋದ ಸೋಮವಾರ ಎರಡನೇ ಜ್ಞಾಪನಾ ಪತ್ರ ಕೊಟ್ಟು, ಅದಕ್ಕೂ ಸೀಲು ಹಾಕಿಸಿಕೊಂಡು ಬಂದಿದ್ದೇನೆ.