ರೀಫಂಡ್ ಕೋಡ್‌ಗೆ ಟ್ರೂತ್ ಟೇಬಲ್ ಹಾಕಿದ್ದು

ಕ್ಲೈಂಟ್ ಒಬ್ಬರ ರೀಫಂಡ್ ಕೋಡ್ ಮುಟ್ಟುವ ಮೊದಲು ಟ್ರೂತ್ ಟೇಬಲ್ (ಹೌದು–ಇಲ್ಲ ಉತ್ತರಗಳ ಪ್ರತಿ ಜೋಡಣೆಗೂ ಒಂದು ಸಾಲಿರುವ ಪಟ್ಟಿ) ಹಾಕೋಣ ಅಂದಾಗ ಟೀಮಿನಲ್ಲಿ ನಕ್ಕರು. ‘ಅದೆಲ್ಲ ಪರೀಕ್ಷೆಗೆ ಓದೋದು, ಇಲ್ಲಿ ಡೆಡ್‌ಲೈನ್ ಇದೆ’ ಅಂದರು. ಆ ರೀಫಂಡ್ ಮಾಡ್ಯೂಲ್ ಈಗ ಹತ್ತಿರ ಹತ್ತಿರ ಒಂದು ವರ್ಷದಿಂದ ತಕರಾರಿಲ್ಲದೆ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಕೋಡ್ ಸುಮಾರು 400 ಸಾಲು. ‘ಹೀಗಿದ್ದರೆ’ ಅನ್ನುವ ಇಫ್ ಒಳಗೆ ಇನ್ನೊಂದು ಇಫ್, ಏಳೆಂಟು ಮಟ್ಟ. ಸಣ್ಣ ಫಂಕ್ಷನ್‌ಗಳಾಗಿ ಒಡೆದು ನೋಡಿದೆವು. ನೋಡೋಕೆ ಚೆನ್ನಾಯಿತು, ಬಗ್ ಅಲ್ಲೇ ಇತ್ತು. ಆಮೇಲೆ ದುಡ್ಡು ಕೊಟ್ಟು ರೂಲ್ ಎಂಜಿನ್ (ನಿಯಮ ಬರೆದುಕೊಟ್ಟರೆ ಅದರಂತೆ ತೀರ್ಮಾನಿಸುವ ಸಾಫ್ಟ್‌ವೇರ್) ತರಿಸಿದರು. ಲೈಸೆನ್ಸ್ ಹಣವೂ ಹೋಯಿತು, ಕಲಿಯುವುದರಲ್ಲಿ ಎರಡು ಮೂರು ವಾರವೂ ಹೋಯಿತು. ತಪ್ಪು ನಿಯಮ ಕೊಟ್ಟರೆ ಎಂಜಿನ್ ಅದನ್ನೇ ಚಾಚೂ ತಪ್ಪದೆ ನಡೆಸುತ್ತದೆ, ಅಲ್ವಾ? ಕೊಡಬಾರದವರಿಗೆಲ್ಲ ಪೂರ್ತಿ ರೀಫಂಡ್ ಹೋಯಿತು. ಕ್ಲೈಂಟ್ ನಮ್ಮ ಕೊನೆಯ ಕಂತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ತಡೆಹಿಡಿದರು.

ನಾನು ಐದು ಪ್ರಶ್ನೆ ಆರಿಸಿದೆ: ಸಾಮಾನು ವಾಪಸ್ ಬಂತಾ, ಸೀಲ್ ಒಡೆದಿದೆಯಾ, ಗಡುವು ಮೀರಿದೆಯಾ, ಕೂಪನ್ ಬಳಸಿದ್ದಾರಾ, ಹಣ ಮೊದಲೇ ಕಟ್ಟಿದ್ದಾರಾ. ಹೌದು–ಇಲ್ಲ ಅಂದರೆ 32 ಸಾಲು. ಸ್ಪ್ರೆಡ್‌ಶೀಟ್‌ನಲ್ಲಿ ರೀಫಂಡ್ ಏನಾಗಬೇಕು ಅನ್ನುವ ಕೊನೆಯ ಕಾಲಮ್ ಖಾಲಿ ಬಿಟ್ಟು, ಕ್ಲೈಂಟ್ ಕಡೆಯವರನ್ನೇ ಕೂರಿಸಿ ತುಂಬಿಸಿದೆ. ಐದಾರು ಸಾಲಿಗೆ ಅವರ ಹತ್ತಿರವೇ ಉತ್ತರ ಇರಲಿಲ್ಲ. ಒಂದೆರಡು ಸಾಲಿಗೆ ಇಬ್ಬರು ಎರಡು ಉತ್ತರ ಕೊಟ್ಟು ಅಲ್ಲೇ ಜಗಳಕ್ಕೆ ನಿಂತರು. ನಾವು ಕೋಡ್‌ನಲ್ಲಿ ಹುಡುಕುತ್ತಿದ್ದ ಅರ್ಧ ಬಗ್‌ಗಳು ಇವೇ.

ಉಳಿದರ್ಧ ಕೋಡ್‌ನದೇ. ಒಂದು ಕಡೆ ಹೀಗಿತ್ತು: ಸ್ಟೇಟಸ್ ‘ರದ್ದು’ ಅಲ್ಲ ಅಥವಾ ಸ್ಟೇಟಸ್ ‘ಮುಗಿದಿದೆ’ ಅಲ್ಲ. ಒಂದು ಆರ್ಡರ್ ಒಟ್ಟಿಗೆ ಎರಡೂ ಆಗುವುದಿಲ್ಲ, ಹಾಗಾಗಿ ಈ ಷರತ್ತು ಯಾವಾಗಲೂ ನಿಜ! ಅಲ್ಲಿ ಬೇಕಿದ್ದದ್ದು ‘ಮತ್ತು’. ‘ಇದೋ ಅದೋ’ ಅನ್ನುವುದನ್ನು ಅಲ್ಲಗಳೆದರೆ ‘ಇದೂ ಅಲ್ಲ ಮತ್ತು ಅದೂ ಅಲ್ಲ’ ಆಗುತ್ತದೆ ಅನ್ನುವ ಡಿ ಮಾರ್ಗನ್ ನಿಯಮ ಎಲ್ಲರಿಗೂ ಬಾಯಿಪಾಠ, ಆದರೂ ರಿವ್ಯೂನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಿಜವಾಗಿ ದುಡ್ಡು ತಿಂದದ್ದು ನಲ್, ಅಂದರೆ ಉತ್ತರವೇ ತುಂಬದ ಖಾಲಿ ಜಾಗ. ಸಾಮಾನು ಕೈಗೆ ಬರುವ ತನಕ ಸೀಲ್ ಒಡೆದಿದೆಯೋ ಇಲ್ಲವೋ ಯಾರಿಗೆ ಗೊತ್ತು? ಹಳೇ ಕೋಡ್ ನಲ್ ಅನ್ನು ಸುಮ್ನೆ ‘ಇಲ್ಲ’ ಅಂದುಕೊಂಡು ಪೂರ್ತಿ ಹಣ ಕಳಿಸುತ್ತಿತ್ತು. ಸೀಲ್‌ಗೆ ‘ಗೊತ್ತಿಲ್ಲ’ ಅನ್ನುವ ಮೂರನೇ ಉತ್ತರ ಸೇರಿಸಿದೆ. 32 ಹೋಗಿ 48 ಸಾಲಾಯಿತು. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಕಡೆಯೂ ಇದೇ ಕಾಟ: ‘ಈ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡು’ ಅನ್ನುವ ನಾಟ್ ಇನ್ ಪಟ್ಟಿಯಲ್ಲಿ ಒಂದು ನಲ್ ಸೇರಿಕೊಂಡರೆ ಒಂದು ಸಾಲೂ ವಾಪಸ್ ಬರುವುದಿಲ್ಲ. ಅವನ್ನೆಲ್ಲ ‘ಹೊಂದುವ ಸಾಲು ಇಲ್ಲವಾ’ ಅಂತ ನೋಡುವ ನಾಟ್ ಎಕ್ಸಿಸ್ಟ್ಸ್‌ಗೆ ಬದಲಾಯಿಸಿದೆ.

ಮಧ್ಯದಲ್ಲಿ ಕಾರ್ನೋ ಮ್ಯಾಪ್ (ಟ್ರೂತ್ ಟೇಬಲ್ಲನ್ನು ಚೌಕಗಳಲ್ಲಿ ಜೋಡಿಸಿ ಪಕ್ಕಪಕ್ಕದವನ್ನು ಒಟ್ಟುಗೂಡಿಸುವ ವಿಧಾನ) ಹಾಕಿ ಷರತ್ತುಗಳನ್ನು ಕುಗ್ಗಿಸುವ ಚಪಲವೂ ಹತ್ತಿತು. ಕೋಡ್ ಮೂರು ಸಾಲಿಗೆ ಇಳಿಯಿತು, ಆದರೆ ಯಾವ ಷರತ್ತು ಯಾವ ನಿಯಮದ್ದು ಅಂತ ನನಗೇ ತಿಳಿಯಲಿಲ್ಲ. ಕಿತ್ತು ಹಾಕಿದೆ. ಗೇಟ್ (ಒಂದೊಂದು ‘ಮತ್ತು’, ‘ಅಥವಾ’ ಮಾಡುವ ಪುಟ್ಟ ಬಿಡಿಭಾಗ) ಉಳಿಸುವ ಸರ್ಕ್ಯೂಟ್‌ನವರಿಗೆ ಅದು ಸರಿ.

ಈಗ ಟೇಬಲ್ಲೇ ಕೋಡ್, ಪ್ರತಿ ಸಾಲೂ ಒಂದು ಟೆಸ್ಟ್. ಬರಲೇಬಾರದ ಸಾಲುಗಳನ್ನು ಹೇಗೆ ಗುರುತು ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದರಿಂದಲೇ ಹೊಟ್ಟೆ ತುಂಬುತ್ತಿದೆ. ತಡೆಹಿಡಿದ ಹಣ ಬಂತು. ಕೂಪನ್ ನಿಯಮ ಬದಲಾದರೆ ಕ್ಲೈಂಟ್‌ನ ಅಕೌಂಟ್ಸ್‌ನವರೇ ಸಾಲು ತಿದ್ದಿ ಕಳಿಸುತ್ತಾರೆ, ನಾನು ಟೆಸ್ಟ್ ಓಡಿಸಿ ಏರಿಸುತ್ತೇನೆ.