ನನ್ನ ಉದ್ರಿ ಖಾತೆ

ನಾನು ಆರ್ಕಿಟೆಕ್ಟ್, ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತೇನೆ. ನನ್ನ ಆಫೀಸಿನಲ್ಲಿ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದಿದೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆದಿಡುತ್ತಾರಲ್ಲ, ಅಂಥದ್ದು. ಅದರಲ್ಲಿರುವುದು ನಾನು ಕಟ್ಟಿಸಿದ ಮನೆಗಳ ತಪ್ಪುಗಳು. ಎಲ್ಲಿ ಸೋರಿತು, ಎಲ್ಲಿ ಬಿರುಕು ಬಿಟ್ಟಿತು, ಯಾವ ಕಿಟಕಿಯನ್ನು ಮನೆಯವರು ಒಮ್ಮೆಯೂ ತೆರೆದಿಲ್ಲ, ಎಲ್ಲ ಬರೆದಿದೆ. ಈಗ ನಲವತ್ತು ಚಿಲ್ಲರೆ ಮನೆಗಳಾಗಿವೆ. ಮನೆ ಮುಗಿದು ಎರಡು ಮಳೆಗಾಲ ಕಳೆದ ಮೇಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ನೋಡುತ್ತೇನೆ, ಅವರು ಅಳೆದು ಬರೆಯುತ್ತಾರೆ, ನಾನು ಅದನ್ನು ಕನ್ನಡದಲ್ಲಿ ಲೇಖನ ಮಾಡುತ್ತೇನೆ. ಇಷ್ಟೇ ನನ್ನ ಪದ್ಧತಿ.

ಧಾರವಾಡದ ನನ್ನ ಓರಗೆಯವರು ಶುರುವಿನಲ್ಲಿ ನಕ್ಕರು. "ತನ್ನ ಮಾಳಿಗಿ ಸೋರತದ ಅಂತ ತಾನ ಪೇಪರಿನ್ಯಾಗ ಬರಕೊಂಡಂವಗ ಕೆಲಸ ಯಾರ ಕೊಡತಾರೋ?" ಅಂದರು. ಏಳೆಂಟು ವರ್ಷ ಇದೇ ಮಾತು ಕೇಳಿದೆ. ಹೋದ ವರ್ಷ ಬಂದ ಏಳು ಮನೆಗಳಲ್ಲಿ ಐದು, ಲೇಖನ ಓದಿಯೇ ಬಂದವರವು. ಅದರಲ್ಲೊಬ್ಬರಂತೂ ಕತ್ತರಿಸಿಟ್ಟ ಹಾಳೆಯನ್ನು ಮೇಜಿನ ಮೇಲಿಟ್ಟು, "ಈ ತಪ್ಪು ನಮ್ಮ ಮನ್ಯಾಗ ಆಗಬಾರದ ನೋಡ್ರಿ" ಎಂದರು. ನಕ್ಕವರಲ್ಲಿ ಇಬ್ಬರು ಈಗ ಖಾತೆಯ ನಮೂನೆ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ, ಪೂರ್ತಿ ಅಲ್ಲ.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. 2013ರ ಸುಮಾರಿಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದಾಗ ಗಂಟೆಗೆ 500 ರೂಪಾಯಿ ಕೊಡುತ್ತಿದ್ದರು. ತಿಂಗಳಿಗೆ ಹದಿನಾರು ಸಾವಿರದ ಆಸುಪಾಸು ಬರುತ್ತಿತ್ತು, ಅದೂ ಎರಡು ತಿಂಗಳು ತಡವಾಗಿ. ಲೇಖನಕ್ಕೆ 750. ಒಂದು ಬರೆಯಲು ಎರಡು ದಿನ ಬೇಕಾಗುತ್ತಿತ್ತು. ಲೆಕ್ಕ ಹಾಕಿದರೆ ನನ್ನ ಸೈಟಿನ ಗೌಂಡಿಯ ಪಗಾರ ನನಗಿಂತ ಮೇಲಿತ್ತು. ಇದರ ಮೇಲೆ ಮೂರೂ ಕೆಲಸವನ್ನು ದಿನಾ ಮಾಡುವ ಹುಚ್ಚು ಬೇರೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಸೈಟು, ರಾತ್ರಿ ಬರವಣಿಗೆ. ಒಂದು ದಿನ ಜ್ಯೂರಿಯಲ್ಲಿ, ಅಂದರೆ ವಿದ್ಯಾರ್ಥಿಗಳ ನಕ್ಷೆಗಳನ್ನು ಎದುರಿಗಿಟ್ಟು ವಿಮರ್ಶಿಸುವ ಸಭೆಯಲ್ಲಿ, ಕೂತು ಒಬ್ಬ ಹುಡುಗನ ಮೆಟ್ಟಿಲಿನ ಮೇಲೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ, ಫೋನು ಸೈಲೆಂಟಿನಲ್ಲಿತ್ತು. ಹನ್ನೊಂದು ಕರೆ ಬಂದಿದ್ದವು. ಸಂಜೆ ಸೈಟಿಗೆ ಹೋಗಿ ನೋಡಿದರೆ ಮೂರೂವರೆ ಅಡಿ ಸಜ್ಜಾದ ಕಬ್ಬಿಣ ಕೆಳಗಿದೆ, ಕಾಂಕ್ರೀಟು ಬಿದ್ದಾಗಿದೆ. ಹೊರಚಾಚಿದ ಸಜ್ಜಾದಲ್ಲಿ ಅದು ಮೇಲಿರಬೇಕು, ಇಲ್ಲದಿದ್ದರೆ ಸಜ್ಜಾ ತಡೆಯುವುದಿಲ್ಲ. ಒಡೆಸಿ ಮತ್ತೆ ಹಾಕಿಸಲು 22 ಸಾವಿರ ನನ್ನ ಕಿಸೆಯಿಂದ ಹೋಯಿತು. ಅಂದಿನಿಂದ ಸೋಮವಾರ, ಮಂಗಳವಾರ ಮಾತ್ರ ಕಾಲೇಜು. ಆ ಎರಡು ದಿನ ಯಾವ ಸೈಟಿನಲ್ಲೂ ಸ್ಲ್ಯಾಬು ಹಾಕುವಂತಿಲ್ಲ. ಬರವಣಿಗೆಗೆ ಗುರುವಾರ ಮತ್ತು ಭಾನುವಾರ ನಸುಕಿನ ಒಂದೂವರೆ ಗಂಟೆ.

ಖಾತೆ ಹುಟ್ಟಿದ್ದು ಯಲ್ಲಾಪುರದ ಕಡೆಯ ಒಂದು ಮನೆಯಿಂದ. ಇಳಿಜಾರು ಮಾಡೇ ಇದ್ದರೂ ಸೂರು ಕಾಣಬಾರದು, ಗೋಡೆ ನೇರವಾಗಿ ಮೇಲೇರಬೇಕು ಎಂದು ನನಗೆ ಹಟ. ಮಾಡಿನ ನೀರು ಹರಿದುಹೋಗಲು ಗೋಡೆಯ ಒಳಗೇ ಒಂಬತ್ತು ಇಂಚಿನ ಕಾಂಕ್ರೀಟು ದೋಣಿ ಬಚ್ಚಿಟ್ಟೆ. ಫೋಟೋ ಚೆನ್ನಾಗಿ ಬಂತು. ಎರಡನೇ ಮಳೆಗಾಲದಲ್ಲಿ ಎಲೆ ಬಿದ್ದು ಕೊಳವೆ ಕಟ್ಟಿತು, ನೀರು ಉಕ್ಕಿ ಜಗಲಿಯ ಒಳಗೋಡೆಯ ಮೇಲಿಂದ ಇಳಿಯಿತು. ಮನೆಯ ಯಜಮಾನರು ಬೈಯಲಿಲ್ಲ. "ಚಿತ್ರದಲ್ಲಿ ಚೊಲೋ ಕಂಡಿತ್ತು ಮಾರಾಯ್ರೆ" ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ದೋಣಿ ಒಡೆಸಿ, ಮಂಗಳೂರು ಹೆಂಚಿನ ಸೂರನ್ನು ಎರಡೂವರೆ ಅಡಿ ಹೊರಗೆ ತಂದೆ. ಒಂದು ಲಕ್ಷ ನಲವತ್ತು ಸಾವಿರದಷ್ಟು ಖರ್ಚು, ಅರ್ಧ ನನ್ನದು.

ಇದನ್ನು ಬರೆಯಲು ಕೂತಾಗ ಇನ್ನೊಂದು ಬಯಲಾಯಿತು. ಇಂಗ್ಲಿಷಿನಲ್ಲಿ ಬರೆದರೆ ತಪ್ಪು ಮುಚ್ಚಿಹೋಗುತ್ತದೆ. 'ಕನ್ಸೀಲ್ಡ್ ಗಟರ್ ಡೀಟೇಲ್' ಎಂದರೆ ಎಷ್ಟು ಘನವಾಗಿದೆ! 'ಸೂರಿಲ್ಲದ ಮನೆ ಕಟ್ಟಿದೆ' ಎಂದು ಕನ್ನಡದಲ್ಲಿ ಬರೆದ ಕೂಡಲೇ ನನಗೇ ನಾಚಿಕೆಯಾಯಿತು. ಮಲೆನಾಡಿನಲ್ಲಿ ಯಾರಾದರೂ ಸೂರಿಲ್ಲದ ಮನೆ ಕಟ್ಟುತ್ತಾರೆಯೇ? ಅಂದಿನಿಂದ ವಿದ್ಯಾರ್ಥಿಗಳಿಗೂ ಇದೇ ಶಿಕ್ಷೆ. ನಕ್ಷೆಯ ಶೀಟು ತೂಗುಹಾಕುವ ಮುನ್ನ ಒಂದು ಪುಟ ಕನ್ನಡದಲ್ಲಿ ಬರೆಯಬೇಕು, ನಿಮ್ಮ ಅಜ್ಜಿಗೆ ತಿಳಿಯುವಂತೆ. 'ಟ್ರಾನ್ಸಿಷನ್ ಸ್ಪೇಸ್' ಎಂದು ಬರೆದ ಹುಡುಗಿ ಮೂರು ದಿನ ಒದ್ದಾಡಿ 'ಕಟ್ಟಿ' ಎಂದು ಬರೆದು ತಂದಳು. ಆಮೇಲೆ ಆ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಅಲ್ಲಿ ಮಧ್ಯಾಹ್ನ ಬಿಸಿಲು ಬೀಳುತ್ತದೆಯೇ ಎಂಬ ಪ್ರಶ್ನೆ ಅವಳಿಗೇ ಹುಟ್ಟಿತು. ನಕ್ಷೆ ಬದಲಾಯಿತು.

ಕಾಲೇಜಿನವರು ಇದಕ್ಕೆಲ್ಲ ಸುಲಭಕ್ಕೆ ಒಪ್ಪಲಿಲ್ಲ. ಪಠ್ಯಕ್ರಮದಲ್ಲಿ ಎಲ್ಲಿದೆ ಎಂದು ಕೇಳಿದರು. ಮೊದಲೆರಡು ವರ್ಷ ಭಾನುವಾರ ನನ್ನ ಖರ್ಚಿನಲ್ಲಿ ಟೆಂಪೋ ಮಾಡಿಸಿ ಕರೆದೊಯ್ದೆ. ಊಟ ಮನೆಯವರೇ ಹಾಕುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಆ ಖರ್ಚು ಒಂದು ಉಳಿಯುತ್ತದೆ.

ನವಲಗುಂದದ ಮನೆ ಖಾತೆಯಲ್ಲಿ ಅತಿ ಹೆಚ್ಚು ಪುಟ ತಿಂದದ್ದು. ಎರಿ ಮಣ್ಣಿನ, ಅಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣಿನ ನೆಲ. ಅಂಡರ್‌ರೀಮ್ಡ್ ಪೈಲು (ಬುಡ ಅಗಲ ಮಾಡಿ ಆಳಕ್ಕೆ ಇಳಿಸುವ ಕಾಂಕ್ರೀಟು ಕಂಬ) ಹಾಕೋಣವೆಂದರೆ ಯಜಮಾನರಿಗೆ ದುಬಾರಿ ಎನಿಸಿತು, ನಾನೂ ಗಟ್ಟಿಯಾಗಿ ಹೇಳಲಿಲ್ಲ. ಐದಡಿ ಪಾಯ ತೆಗೆದು, ಗರಸು ತುಂಬಿ ಎಬ್ಬಿಸಿದೆವು. ಮೂರನೇ ವರ್ಷ ಹಿಂದಿನ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಬಿರುಕು ಅಲುಗಿದರೆ ಒಡೆದು ತಿಳಿಯಲಿ ಎಂದು ಹುಡುಗರು ಅದರ ಮೇಲೆ ಅಡ್ಡಡ್ಡ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದರು. ಬೇಸಿಗೆಯಲ್ಲಿ ಪಟ್ಟಿ ಒಡೆಯಿತು, ಮಳೆ ಬಂದ ಮೇಲೆ ಬಿರುಕು ತಾನೇ ಕೂಡಿಕೊಂಡಿತು. ಮಣ್ಣು ಉಬ್ಬುವುದು, ಕುಗ್ಗುವುದು ಎಲ್ಲರಿಗೂ ಗೊತ್ತು. ಆದರೆ ಒಂದೇ ಮೂಲೆ ಯಾಕೆ? ನಾನು ಪಾಯದ ಆಳ, ಕಬ್ಬಿಣ ಎಂದೆಲ್ಲ ತಲೆ ಕೆಡಿಸಿಕೊಂಡಿದ್ದೆ. ನಾಲ್ಕನೇ ಸೆಮಿಸ್ಟರಿನ ಹುಡುಗನೊಬ್ಬ ಬಚ್ಚಲ ನೀರು ಎಲ್ಲಿ ಹೋಗುತ್ತದೆ ಎಂದು ಹಿಂದೆ ಹೋಗಿ ನೋಡಿದ. ಬಾಳೆಗಿಡಕ್ಕೆಂದು ಗೋಡೆಯ ಬುಡಕ್ಕೇ ಬಿಟ್ಟಿದ್ದರು. ಬೇಸಿಗೆಯಲ್ಲೂ ಅಲ್ಲೊಂದೇ ಕಡೆ ನೆಲ ಹಸಿ, ಉಳಿದೆಡೆ ಒಣಗಿ ಸೀಳು. ನೀರನ್ನು ಹದಿನೈದು ಅಡಿ ದೂರಕ್ಕೆ ಒಯ್ದು, ಗೋಡೆಯ ಸುತ್ತ ಅಗಲ ಹಾಸುಗಲ್ಲು ಹಾಕಿಸಿದೆವು. ಆಮೇಲೆ ಅಂಟಿಸಿದ ಎರಡು ಪಟ್ಟಿಗಳಲ್ಲಿ ಒಂದು ಇನ್ನೂ ಗಟ್ಟಿಯಾಗಿದೆ. ಈಗ ಎರಿ ನೆಲದ ಪ್ರತಿ ನಕ್ಷೆಯಲ್ಲಿ ಬಾಳೆಗಿಡದ ಜಾಗ ನಾನೇ ಬರೆದುಕೊಡುತ್ತೇನೆ.

ಮನೆಯವರು ತಪ್ಪು ತೋರಿಸಲು ಮೊದಮೊದಲು ಹಿಂಜರಿಯುತ್ತಾರೆ. "ಎಲ್ಲಾ ಛಲೋ ಅದರೀ ಸರ" ಎಂದು ಚಹಾ ಕೊಟ್ಟು ಕಳಿಸುತ್ತಾರೆ. ಅದಕ್ಕೆ ನಾನು ಅಡುಗೆಮನೆಗೆ ಹೋಗಿ ಒಂದು ಪ್ರಶ್ನೆ ಕೇಳುತ್ತೇನೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ. ಅಷ್ಟು ಕೇಳಿದರೆ ಸಾಕು, ಒಂದು ಗಂಟೆ ಮಾತು ನಿಲ್ಲುವುದಿಲ್ಲ. ಕರಾರು ಪತ್ರದಲ್ಲಿ ಎರಡು ಮಳೆಗಾಲದ ಭೇಟಿಗೆ ಫೀಸು ಹೇಗೆ ಸೇರಿಸಿದ್ದೇನೆ ಎಂಬುದೂ ನನ್ನ ಬಳಿಯೇ ಇರಲಿ.

ಕಟ್ಟುತ್ತಲೇ ಕಲಿಸುವ, ಬರೆಯುವ ಈ ದಾರಿ ನಾನು ಕಂಡುಹಿಡಿದದ್ದೇನಲ್ಲ. ಜರ್ಮನಿ ಬಿಟ್ಟು ಬಂದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಒಟ್ಟೊ ಕೋನಿಗ್ಸ್‌ಬರ್ಗರ್, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಡ ಕಟ್ಟಿ ನಮ್ಮ ಬಿಸಿಲನ್ನು ಕಲಿತು, ಮುಂದೆ ಲಂಡನ್ನಿನಲ್ಲಿ ಅದನ್ನೇ ಪಾಠ ಹೇಳಿದರು, ಪಠ್ಯಪುಸ್ತಕವನ್ನೂ ಬರೆದರು. ಲಾರಿ ಬೇಕರ್ ತಿರುವನಂತಪುರದಲ್ಲಿ ಮನೆ ಕಟ್ಟುತ್ತಲೇ ತಾವೇ ಚಿತ್ರ ಬರೆದ ಸಣ್ಣ ಸಣ್ಣ ಕೈಪಿಡಿಗಳನ್ನು ಹಂಚಿದರು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು 1962ರಲ್ಲೇ ಅಹಮದಾಬಾದಿನಲ್ಲಿ ವಾಸ್ತುಶಿಲ್ಪದ ಶಾಲೆ ಶುರುಮಾಡಿ, ಕಟ್ಟುವುದನ್ನೂ ಬಿಡಲಿಲ್ಲ. ಇದನ್ನು ಒಮ್ಮೆ ಗೆಳೆಯನ ಮುಂದೆ ಹೇಳಿದೆ. "ಅವರು ದೋಶಿ, ನೀ ಬರೇ ದೋಷಿ" ಎಂದ. ಖಾತೆಯ ಮೊದಲ ಪುಟದಲ್ಲಿ ಆ ಮಾತನ್ನೇ ಬರೆದಿದ್ದೇನೆ.

ಹಣದ ಮಾತು ಮುಗಿಸಿಬಿಡುತ್ತೇನೆ. ಬರವಣಿಗೆಯಿಂದ ಇವತ್ತಿಗೂ ಪೆಟ್ರೋಲಿನಷ್ಟೇ. ಕಾಲೇಜಿನದು ಆಫೀಸಿನ ಬಾಡಿಗೆಗೆ ಸರಿಹೋಗುತ್ತದೆ. ಲಾಭ ಇರುವುದು ದುರಸ್ತಿ ಕಮ್ಮಿಯಾದದ್ದರಲ್ಲಿ. ಮೊದಲು ವರ್ಷಕ್ಕೆ ಒಂದೂವರೆ, ಎರಡು ಲಕ್ಷ ದುರಸ್ತಿಗೆ, ರಿಯಾಯಿತಿಗೆ ಹೋಗುತ್ತಿತ್ತು. ಕಳೆದ ಮೂರು ವರ್ಷ ಮೂವತ್ತು ಸಾವಿರ ದಾಟಿಲ್ಲ. ಫೀಸಿನಲ್ಲಿ ಚೌಕಾಸಿಯೂ ಕಮ್ಮಿಯಾಗಿದೆ.

ಜ್ಯೂರಿಗೆ ಮೇಸ್ತ್ರಿಯನ್ನು ಕರೆಸಿದ ಪ್ರಯೋಗ ಅರ್ಧ ಗೆದ್ದಿತು. ಎರಡಂತಸ್ತು ಎತ್ತರದ ಪಡಸಾಲೆ ತೋರಿಸಿದ ಹುಡುಗನಿಗೆ ಅವನು ಕೇಳಿದ್ದು ಒಂದೇ: "ಫ್ಯಾನ್ ಒರಸವ್ರು ಯಾರಪಾ?" ಎಲ್ಲರೂ ನಕ್ಕರು. ಆದರೆ ಮುಂದಿನ ಸಲ ಕರೆದಾಗ ಬರಲಿಲ್ಲ, ಒಂದು ದಿನದ ಕೆಲಸ ಕೆಡುತ್ತದೆ ಎಂದ. ನ್ಯಾಯವೇ. ಈಗ ದಿನದ ಪಗಾರ ಕೊಟ್ಟೇ ಕರೆಸುತ್ತೇನೆ.

ಇನ್ನೊಂದು ತರ್ಮಾಮೀಟರಿನ ಪ್ರಯೋಗ. 350 ರೂಪಾಯಿಯವು ನಾಲ್ಕು ತಂದು, ನವಲಗುಂದದಲ್ಲೇ ಒಂದು ಹಳೆಯ ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆಯಲ್ಲಿ ಎರಡು, ಪಕ್ಕದ ಸ್ಲ್ಯಾಬಿನ ಮನೆಯಲ್ಲಿ ಎರಡು ಇಟ್ಟೆವು. ಮೇ ತಿಂಗಳ ಮಧ್ಯಾಹ್ನ ನಾಲ್ಕಕ್ಕೆ ಸ್ಲ್ಯಾಬಿನ ಕೋಣೆ 37, 38 ಡಿಗ್ರಿ. ಮಣ್ಣಿನ ಮಾಳಿಗೆಯ ಕೆಳಗೆ 32ರ ಸುಮಾರು. ಕುಣಿದಾಡಿ ಲೇಖನಕ್ಕೆ ತಲೆಬರಹವನ್ನೂ ಇಟ್ಟಾಗಿತ್ತು. ಆ ಮನೆಯ ಅಜ್ಜಿ ಕೇಳಿದಳು, "ವರ್ಷಾ ಮಳಿಗಿಂತ ಮೊದಲ ಮ್ಯಾಲ ಮಣ್ಣ ಹಾಕಾಕ ನೀವ ಬರತೀರೇನು?" ಅವಳ ಮಗ ಸ್ಲ್ಯಾಬು ಹಾಕಿಸಲು ಸಾಲಕ್ಕೆ ಅರ್ಜಿ ಹಾಕಿದ್ದ. ತಲೆಬರಹ ಹೊಡೆದುಹಾಕಿ ಅಜ್ಜಿಯ ಪ್ರಶ್ನೆಯನ್ನೇ ಇಟ್ಟೆ.

ವರ್ಷಾ ಮಣ್ಣು ಹಾಕದೆಯೂ ತಂಪು ಸಿಗುವ ದಾರಿ ಹುಡುಕಲು ನನ್ನ ಆಫೀಸಿನ ತಾರಸಿಯ ಮೇಲೆ ಮಡಕೆಗಳನ್ನು ಬೋರಲು ಹಾಕಿಸಿದೆ. ಆರುನೂರು ಮಡಕೆ, ತಲಾ ಹನ್ನೆರಡು ರೂಪಾಯಿ. ಕೆಳಗೆ ಎರಡು ಡಿಗ್ರಿ ಇಳಿಯಿತು. ಮೇಲೆ ಗಾರೆ ಹಾಕಿಸುವುದನ್ನು ಮುಂದಿನ ವಾರಕ್ಕೆ ಬಿಟ್ಟಿದ್ದೆ. ಅಷ್ಟರಲ್ಲಿ ಧಾರವಾಡದ ಮಂಗಗಳು ಬಂದು ಮುಕ್ಕಾಲು ಪಾಲು ಒಡೆದುಹಾಕಿದವು. ಖಾತೆಯಲ್ಲಿ ಈಗ ನನ್ನ ಆಫೀಸಿನ ಹೆಸರಿನಲ್ಲೂ ಒಂದು ಪುಟವಿದೆ. ಅದನ್ನು ಬರೆದ ವಿದ್ಯಾರ್ಥಿನಿ ಕೆಳಗೆ ಷರಾ ಹಾಕಿದ್ದಾಳೆ: "ದಿನಾ ಈ ತಾರಸಿ ಬಳಸುವವರು ಯಾರೆಂದು ಆರ್ಕಿಟೆಕ್ಟ್ ವಿಚಾರಿಸಿಲ್ಲ."